ಗಣಕೀಕೃತ ಪ್ರಮಾಣಪತ್ರಗಳಲ್ಲಿನ ಚೌಕಟ್ಟುಗಳು: ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ಅರ್ಜಿದಾರರ ಮಾಹಿತಿಗಾಗಿ

ಜಾತಿ, ಆದಾಯ, ವಾಸಸ್ಥಳ ಮುಂತಾದ ಪ್ರಮಾಣಪತ್ರಗಳನ್ನು ನಾಡಕಚೇರಿಗಳ ಮೂಲಕ ಗಣಕೀಕೃತವಾಗಿ ನೀಡಲಾಗುತ್ತದೆ. ಪಿ.ಡಿ.ಎಫ್. ರೂಪದ ಇಂತಹ ಕಡತಗಳಲ್ಲಿ ಹೆಸರು, ಗ್ರಾಮ ಹಾಗೂ ಸಹಿಯ ಸುತ್ತ ಕಾಣುವ ಚೌಕಟ್ಟುಗಳನ್ನು ತಂತ್ರಾಂಶವೇ ಎಳೆಯುತ್ತದೆ. ಚೌಕಟ್ಟಿನ ಗೆರೆ ಅಕ್ಷರದ ಮೇಲೆ ಹಾದುಹೋದ ಪ್ರತಿ ಕೈಗೆ ಬಂದಾಗ ದಾಖಲೆಯೇ ತಪ್ಪಾಗಿದೆಯೆಂದು ಅರ್ಜಿದಾರರು ಆತಂಕಪಡುವುದುಂಟು. ಆದುದರಿಂದ ಈ ಮಾಹಿತಿಯನ್ನು ನೀಡಲಾಗಿದೆ.

ಚೌಕಟ್ಟು ರಚನೆಯಾಗುವ ವಿಧಾನ

ಪಿ.ಡಿ.ಎಫ್. ಪುಟದಲ್ಲಿ ಅಕ್ಷರ ಮತ್ತು ಚೌಕಟ್ಟು ಬೇರೆ ಬೇರೆ ವಸ್ತುಗಳು. ಒಂದು ಅಂಗುಲವನ್ನು 72 ಭಾಗಗಳಾಗಿ ಎಣಿಸಲಾಗುತ್ತದೆ. ಎ4 ಪುಟವು ಸುಮಾರು 595 ಭಾಗ ಅಗಲ, 842 ಭಾಗ ಎತ್ತರವಿರುತ್ತದೆ. ಪುಟದ ಎಡ ಕೆಳಮೂಲೆಯಿಂದ ಅಳೆದು, ಚೌಕಟ್ಟಿನ ಆರಂಭ ಸ್ಥಾನ, ಅಗಲ ಮತ್ತು ಎತ್ತರವನ್ನು ಸೂಚಿಸಿದಲ್ಲಿ ಗೆರೆ ಮೂಡುತ್ತದೆ. ಒಳಗಿನ ಹೆಸರು ಎಷ್ಟು ಉದ್ದವಿದೆಯೆಂಬುದು ಚೌಕಟ್ಟಿಗೆ ತಾನಾಗಿ ತಿಳಿಯುವುದಿಲ್ಲ. ತಂತ್ರಾಂಶವು ಮೊದಲು ಪಠ್ಯವನ್ನು ಅಳೆದು, ಸುತ್ತಲೂ ಸ್ವಲ್ಪ ಜಾಗ ಬಿಟ್ಟು, ನಂತರ ಗೆರೆ ಎಳೆಯತಕ್ಕದ್ದು.

ಕನ್ನಡದಲ್ಲಿ ಈ ಅಳತೆಯೇ ಕಠಿಣ. ಇಂಗ್ಲಿಷ್ ಅಕ್ಷರಗಳಿಗೆ ಸಾಕಾಗುವ ಎತ್ತರವು ಒತ್ತಕ್ಷರಗಳಿಗೆ ಸಾಲದು. ಕಡೂರು, ತರೀಕೆರೆ ಎಂಬ ಹೆಸರುಗಳಲ್ಲಿ ಒತ್ತಕ್ಷರವಿಲ್ಲ. ಅವು ಚೌಕಟ್ಟಿನೊಳಗೆ ಸರಿಯಾಗಿ ಕೂರುತ್ತವೆ. ಅಜ್ಜಂಪುರ ಎಂದು ಬರೆದೊಡನೆ ಜಕಾರದ ಒತ್ತು ಸಾಲಿನ ಕೆಳಗಿಳಿದು ಗೆರೆಗೆ ತಾಗಬಹುದು. ಚಿಕ್ಕಮಗಳೂರು ಎಂಬ ಜಿಲ್ಲೆಯ ಹೆಸರಿಗೂ ಇದೇ ಅನ್ವಯ. ಹೊಸ ನಮೂನೆಯನ್ನು ಪರೀಕ್ಷಿಸುವವರು ತರೀಕೆರೆಯ ಬದಲು ಅಜ್ಜಂಪುರದ ಹೆಸರಿನಿಂದ ಆರಂಭಿಸುವುದು ಮೇಲು.

ಅಕ್ಷರ ಜೋಡಣೆಯ ಸೌಲಭ್ಯವಿಲ್ಲದ ತಂತ್ರಾಂಶದಲ್ಲಿ ತೊಂದರೆ ಇನ್ನೂ ಹೆಚ್ಚು. ಅಲ್ಲಿ ಮಲ್ಲಪ್ಪ ಎಂಬ ಹೆಸರು ಮಲ್‌ಲಪ್‌ಪ ಎಂದು ಬಿಡಿಬಿಡಿಯಾಗಿ ಮೂಡಿ, ಅಗಲ ಹೆಚ್ಚಿ, ಚೌಕಟ್ಟಿನಿಂದ ಹೊರಚಾಚುತ್ತದೆ.

ಅರ್ಜಿದಾರರು ಗಮನಿಸತಕ್ಕ ಅಂಶಗಳು

ಗೆರೆ ತಾಗಿದ್ದರೂ ಹೆಸರು ಸ್ಪಷ್ಟವಾಗಿ ಓದಲು ಬರುವಂತಿದ್ದಲ್ಲಿ ಅದು ಮುದ್ರಣದ ದೋಷ ಮಾತ್ರ. ಒತ್ತು ಮುಚ್ಚಿಹೋಗಿ ಮಲ್ಲಪ್ಪ ಎಂಬುದು ಮಲಪ್ಪ ಎಂದು ಕಾಣುವಂತಿದ್ದಲ್ಲಿ ಆ ಪ್ರತಿಯನ್ನು ಬ್ಯಾಂಕಿಗಾಗಲೀ ಶಾಲೆಗಾಗಲೀ ಸಲ್ಲಿಸಬಾರದು. ಪ್ರಮಾಣಪತ್ರದ ಸಂಖ್ಯೆಯನ್ನು ನಮೂದಿಸಿ ನಾಡಕಚೇರಿಯ ಜಾಲತಾಣದಲ್ಲಿ ವಿವರವನ್ನು ಪರಿಶೀಲಿಸಬೇಕು. ಅಲ್ಲಿ ಹೆಸರು ಸರಿಯಿದ್ದಲ್ಲಿ ಹೊಸ ಪ್ರತಿ ಪಡೆದರೆ ಸಾಕು. ಅಲ್ಲಿಯೂ ತಪ್ಪಿದ್ದಲ್ಲಿ ದೋಷವು ದಾಖಲೆಯದ್ದು. ಅದಕ್ಕೆ ತಿದ್ದುಪಡಿ ಕೋರಿ ಮನವಿ ಸಲ್ಲಿಸಬೇಕಾಗುತ್ತದೆ.

ತಾಲ್ಲೂಕಿನ ಹೆಸರಿನ ವಿಷಯವೇ ಬೇರೆ. ಅಜ್ಜಂಪುರವು ಹಿಂದೆ ತರೀಕೆರೆ ತಾಲ್ಲೂಕಿಗೆ ಸೇರಿತ್ತು. 2017ರಲ್ಲಿ ಘೋಷಿಸಲಾದ ಹೊಸ ತಾಲ್ಲೂಕುಗಳಲ್ಲಿ ಅದೂ ಒಂದು. ಆದುದರಿಂದ ಹಳೆಯ ದಾಖಲೆಯಲ್ಲಿ ತರೀಕೆರೆ ಎಂದೂ ಹೊಸದರಲ್ಲಿ ಅಜ್ಜಂಪುರ ಎಂದೂ ಇದ್ದ ಮಾತ್ರಕ್ಕೆ ಅದು ದೋಷವಾಗುವುದಿಲ್ಲ.

ಸಹಿಯ ಚೌಕಟ್ಟು

ಅಂದವಾದ ಅಂಚಿರುವ ಕಾಗದವನ್ನು ಅಸಲಿಯೆಂದು ನಂಬುವ ರೂಢಿ ನಮ್ಮಲ್ಲಿದೆ. ಆದರೆ ಅಂಚನ್ನು ಯಾರು ಬೇಕಾದರೂ ಎಳೆಯಬಹುದು. ಡಿಜಿಟಲ್ ಸಹಿಗೆ ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಮಾನ್ಯತೆಯಿದೆ. ಆ ಸಹಿ ಇರುವುದು ಕಡತದೊಳಗೆ, ಕಣ್ಣಿಗೆ ಕಾಣುವ ಚೌಕಟ್ಟು ಅದರ ಗುರುತು ಮಾತ್ರ. ಅದರಲ್ಲಿ ಪ್ರಶ್ನಾರ್ಥಕ ಚಿಹ್ನೆ ಕಂಡುಬಂದಲ್ಲಿ ಪತ್ರ ನಕಲಿಯೆಂದು ಭಾವಿಸಬೇಕಾಗಿಲ್ಲ. ಸಹಿಗೆ ಪ್ರಮಾಣಪತ್ರ ನೀಡಿದ ಪ್ರಾಧಿಕಾರವನ್ನು ಆ ಗಣಕಯಂತ್ರವು ಇನ್ನೂ ನಂಬಿಕೆಯ ಪಟ್ಟಿಗೆ ಸೇರಿಸಿಕೊಂಡಿಲ್ಲ ಎಂಬುದು ಸಾಮಾನ್ಯವಾಗಿ ಅದರ ಅರ್ಥ.

ಸೈಬರ್ ಕೇಂದ್ರಗಳಲ್ಲಿ ಹೆಸರಿನ ಸುತ್ತ ಬಣ್ಣದ ಚೌಕ ಹಾಕಿಸುವುದು, ಕಡತದ ಗಾತ್ರ ಕುಗ್ಗಿಸಿ ಮತ್ತೆ ಉಳಿಸುವುದು ಇವುಗಳಿಂದ ಡಿಜಿಟಲ್ ಸಹಿ ಅಳಿಸಿಹೋಗಬಹುದು, ಇಲ್ಲವೇ ಸಹಿಯ ನಂತರ ಬದಲಾವಣೆಯಾಗಿದೆ ಎಂಬ ಸೂಚನೆ ಬರಬಹುದು. ಮೂಲ ಕಡತವನ್ನು ಯಥಾಸ್ಥಿತಿಯಲ್ಲಿ ಉಳಿಸಿಕೊಂಡು, ಗುರುತು ಹಾಕುವುದಿದ್ದಲ್ಲಿ ಮುದ್ರಿತ ಪ್ರತಿಯ ಮೇಲೆ ಪೆನ್ಸಿಲಿನಿಂದ ಹಾಕಿಕೊಳ್ಳತಕ್ಕದ್ದು.