ಡ್ಯಾಂನಿಂದ ನೀರು ಬಿಟ್ರಂದ್ರೆ ನಿಮ್ಮೂರಿಗೆ ಎಷ್ಟು ಅಪಾಯ? ತಿಳ್ಕೊಳ್ಳೋದು ಹೀಗೆ

ಬಾಗಲಕೋಟೆ: ಮಳೆಗಾಲ ಬಂತಂದ್ರೆ ಹೊಳೆಸಾಲಿನ ಊರುಗಳ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಒಂದೇ ಪ್ರಶ್ನೆ: ‘ಎಷ್ಟು ಕ್ಯುಸೆಕ್ ಬಿಟ್ಟಾರ?’ ಅಂಕಿ ಎಲ್ಲರ ಮೊಬೈಲ್‌ಗೂ ಬರುತ್ತದೆ. ಅದು ಯಾವ ಡ್ಯಾಂನದು, ಯಾವತ್ತಿಂದು ಅನ್ನೋದೇ ಗೊತ್ತಿರಲ್ಲ. ಕೆಲವರು ಸುಮ್ಮನೆ ಗಾಬರಿ ಬೀಳ್ತಾರೆ, ಕೆಲವರು ನೀರು ಅಂಗಳಕ್ಕೆ ಬರೋವರೆಗೂ ಕೂತಿರ್ತಾರೆ.

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಳೆ–ನೆರೆಗೆ ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನ ಜೀವ ಕಳೆದುಕೊಂಡರು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೇ ನೀರು ನುಗ್ಗಿತ್ತು.

ಯಾವ ಊರಿಗೆ ಯಾವ ನೀರು?

ಬಾದಾಮಿ: ನೋಡಬೇಕಾದದ್ದು ಸವದತ್ತಿ ಹತ್ತಿರದ ನವಿಲುತೀರ್ಥ ಡ್ಯಾಂ. ಆದರೆ ಇದೊಂದೇ ಸಾಲದು. ಹುಬ್ಬಳ್ಳಿ–ಧಾರವಾಡ ಕಡೆಯಿಂದ ಬರುವ ಬೆಣ್ಣೆಹಳ್ಳ ಡ್ಯಾಂನ ಕೆಳಗೆ ಮಲಪ್ರಭೆ ಸೇರುತ್ತದೆ. ಅಲ್ಲಿ ಜೋರು ಮಳೆಯಾದರೆ ಗೇಟ್ ತೆರೆಯದಿದ್ದರೂ ಹೊಳೆ ಏರಬಹುದು.

ಹುನಗುಂದ: ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆ ಸೇರುತ್ತದೆ. ಸಂಗಮ ಇರೋದು ಆಲಮಟ್ಟಿಗೂ ನಾರಾಯಣಪುರಕ್ಕೂ ನಡುವೆ. ಕೃಷ್ಣೆ ತುಂಬಿದ್ದರೆ ಮಲಪ್ರಭೆ ನೀರು ಮುಂದೆ ಸಾಗೋದು ನಿಧಾನ. ಹಾಗಾಗಿ ಇಲ್ಲಿನವರು ಎರಡೂ ಹೊಳೆಯ ಅಂಕಿ ನೋಡಬೇಕು.

ಬಾಗಲಕೋಟೆ: ಘಟಪ್ರಭೆಯ ಹಿಡಕಲ್ ಡ್ಯಾಂ, ಜತೆಗೆ ಆಲಮಟ್ಟಿ ಹಿನ್ನೀರಿನ ಮಟ್ಟ. ಹಿರಣ್ಯಕೇಶಿ, ಮಾರ್ಕಂಡೇಯ ಹೊಳೆಗಳು ಹಿಡಕಲ್ ಕೆಳಗೆ ಸೇರುವುದರಿಂದ ಬೆಳಗಾವಿ ಕಡೆಯ ಮಳೆಯೂ ಲೆಕ್ಕಕ್ಕೆ ಬರುತ್ತದೆ.

ಇಳಕಲ್: ಪೇಟೆಗೆ ಡ್ಯಾಂ ಅಂಕಿಗಿಂತ ಊರ ಮೇಲೆ ಬೀಳೋ ಮಳೆಯೇ ಮುಖ್ಯ. ಕುಣಿ ಮಗ್ಗದ ಮನೆಗಳಲ್ಲಿ ಕುಣಿಗೆ ನೀರು ಬಸಿದರೆ ಹಾಸು, ನೂಲು ಎರಡೂ ಹಾಳು.

ಅಂಕಿ ಓದೋದು ಹೇಗೆ?

1 ಕ್ಯುಸೆಕ್ ಅಂದ್ರೆ ಸೆಕೆಂಡಿಗೆ 1 ಘನ ಅಡಿ, ಸುಮಾರು 28 ಲೀಟರ್ ನೀರು. 11,574 ಕ್ಯುಸೆಕ್ ಒಂದು ದಿನ ಪೂರ್ತಿ ಹರಿದರೆ 1 ಟಿಎಂಸಿ.

ಹೊರಹರಿವು ಮಾತ್ರ ನೋಡಬೇಡಿ. ನವಿಲುತೀರ್ಥದ ಗರಿಷ್ಠ ಮಟ್ಟ 2,079.50 ಅಡಿ. ಮಟ್ಟ ಅದರ ಹತ್ತಿರ ಬಂದಿದ್ದು, ಒಳಹರಿವೂ ಏರುತ್ತಿದ್ದರೆ ಇವತ್ತಲ್ಲ ನಾಳೆ ನೀರು ಬಿಡಲೇಬೇಕು. ತಯಾರಿ ಶುರುವಾಗಬೇಕಾದದ್ದು ಆಗ, ಗೇಟ್ ತೆರೆದ ಮೇಲಲ್ಲ.

ಖಚಿತ ಮಾಹಿತಿ ಎಲ್ಲಿ?

ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಕೂರಿಸಿದೆ. ಅವು ತಾವೇ ಅಂಕಿ ಕಳಿಸುತ್ತವೆ. ಮಳೆ ಬಗ್ಗೆ ಕೇಳಲು ಅದರ ‘ವರುಣಮಿತ್ರ’ ಸಹಾಯವಾಣಿ 9245404040. ಜಿಲ್ಲಾ ಕಂಟ್ರೋಲ್ ರೂಂ 1077, ಜೀವಕ್ಕೆ ಅಪಾಯವಿದ್ದರೆ 112. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಸಚೇತ್’ ಆ್ಯಪ್ ನೀವಿರುವ ಜಾಗಕ್ಕೆ ತಕ್ಕಂತೆ ಎಚ್ಚರಿಕೆ ಕೊಡುತ್ತದೆ. 2023ರ ಅಕ್ಟೋಬರ್‌ನಲ್ಲಿ ರಾಜ್ಯದ ಮೊಬೈಲ್‌ಗಳು ಒಮ್ಮೆಲೇ ಜೋರಾಗಿ ಕೂಗಿದ್ದು ನೆನಪಿರಬಹುದು. ಅದು ಇಂಥ ಎಚ್ಚರಿಕೆಯದೇ ಪರೀಕ್ಷೆ.

ಫಾರ್ವರ್ಡ್ ಮಾಡೋ ಮುಂಚೆ

ತಾರೀಖು, ಹೊತ್ತು, ಊರು, ಹೇಳಿದವರು ಯಾರು – ಈ ನಾಲ್ಕೂ ಇಲ್ಲದ ಮೆಸೇಜ್ ಮುಂದೆ ಕಳಿಸಬೇಡಿ. ಹಳೇ ನೆರೆಯ ವಿಡಿಯೋ ಹೊಸದಾಗಿ ತಿರುಗಿದರೆ ಇಲ್ಲದ ಗಾಬರಿ ಹುಟ್ಟುತ್ತದೆ, ನಿಜವಾದ ಎಚ್ಚರಿಕೆ ಬಂದಾಗ ಜನ ನಂಬಲ್ಲ. ಸಹಾಯ ಕೇಳುವಾಗಲೂ ಇದೇ ಲೆಕ್ಕ. 2010ರ ಹೈಟಿ ಭೂಕಂಪದಲ್ಲಿ ಜನರ ಎಸ್ಸೆಮ್ಮೆಸ್‌ಗಳನ್ನು ‘ಉಷಾಹಿದಿ’ ಎಂಬ ಸಾಫ್ಟ್‌ವೇರ್ ಮೂಲಕ ಮ್ಯಾಪ್ ಮೇಲೆ ಗುರುತಿಸಲಾಗಿತ್ತು. ಜಾಗ ಬರೆಯದ ಮೆಸೇಜನ್ನು ಎಷ್ಟೇ ಒಳ್ಳೆ ಸಾಫ್ಟ್‌ವೇರ್ ಇದ್ದರೂ ಮ್ಯಾಪಿಗೆ ಹಾಕೋಕಾಗಲ್ಲ. ‘ನೀರು ಬಂದೈತಿ, ಬರ್ರಿ’ ಅನ್ನೋ ಬದಲು ಊರು, ಓಣಿ, ಎಷ್ಟು ಜನ, ವಯಸ್ಸಾದವರು ಇದ್ದಾರೋ ಅಂತ ಬರೆಯಿರಿ.

ಈಗಲೇ ಮಾಡಬಹುದಾದದ್ದು

ಹಿಂದಿನ ನೆರೆಯಲ್ಲಿ ನೀರು ಎಲ್ಲಿತನಕ ಬಂದಿತ್ತು ಅಂತ ಹಿರಿಯರನ್ನು ಕೇಳಿ ಗೋಡೆ ಮೇಲೆ ಗೆರೆ ಎಳೆದಿಡಿ. ನೀರು ಯಾವ ಕಟ್ಟೆ ಮುಟ್ಟಿದರೆ ದನ ಬಿಚ್ಚಬೇಕು, ಯಾವ ಮೆಟ್ಟಿಲು ಮುಟ್ಟಿದರೆ ಅಂಗಡಿ ಸಾಮಾನು ಅಟ್ಟಕ್ಕೇರಿಸಬೇಕು ಅಂತ ಮನೆಯವರೆಲ್ಲ ಮೊದಲೇ ಮಾತಾಡಿಕೊಂಡಿರಿ. ಅಂಗಡಿಯವರು ಸ್ಟಾಕ್ ಮತ್ತು ಲೆಕ್ಕದ ಪುಸ್ತಕದ ಫೋಟೋ ತೆಗೆದು ಬೇರೆ ಊರಿನ ಸಂಬಂಧಿಕರಿಗೆ ಕಳಿಸಿಟ್ಟರೆ ಪಂಚನಾಮೆ ಹೊತ್ತಿಗೆ ಅನುಕೂಲ. ರಾತ್ರಿ ಕರೆಂಟ್, ನೆಟ್‌ವರ್ಕ್ ಎರಡೂ ಹೋಗಬಹುದು. ಡಂಗುರ, ಗುಡಿ ಮೈಕ್, ಮಸೀದಿ ಮೈಕ್ ಯಾರು ಹಿಡಿಯಬೇಕು ಅನ್ನೋದನ್ನೂ ಊರವರು ಕೂತು ಗೊತ್ತು ಮಾಡಿಕೊಂಡಿರಬೇಕು.