ಕಲ್ಲುಕ್ವಾರಿಗಳ ಪುನಶ್ಚೇತನ (ಸಕಲೇಶಪುರ–ಆಲೂರು)

ಕಲ್ಲು, ಜಲ್ಲಿ, ಮಣ್ಣು ತೆಗೆದು ಕೈಬಿಟ್ಟ ಗುಂಡಿಗಳನ್ನು ವನ್ಯಜೀವಿಗಳ ನೆಲೆಯಾಗಿಸುವ ಕೆಲಸ. ಮುಂಗಾರು ಬಿರುಸಾಗಿರುವ ಈ ಸೀಮೆಯಲ್ಲಿ ಇಂಥ ಗುಂಡಿ ಬೇಗ ಕೆರೆಯಾಗುತ್ತದೆ. ನೀರು ಸಿಕ್ಕಿತೆಂದು ಕಾಡು ಬಂದಂತಲ್ಲ. ದಂಡೆ ಕಡಿದಾಗಿದ್ದರೆ ಇಳಿದ ಪ್ರಾಣಿ ಮೇಲೇರಲಾರದು. ಆದ್ದರಿಂದ ಒಂದು ಮಗ್ಗುಲನ್ನಾದರೂ ಇಳಿಜಾರು ಮಾಡಿ, ತೆಗೆದಿಟ್ಟ ಮೇಲ್ಮಣ್ಣನ್ನು ಹರಡಿ, ಮೊದಲು ಹುಲ್ಲು, ಆಮೇಲೆ ಅತ್ತಿ, ನೇರಳೆ, ಬಿದಿರು ಬೆಳೆಸುವುದು ಲೇಸು. ಅಕೇಶಿಯಾ ನೆಟ್ಟರೆ ಹಸಿರು ಕಾಣುತ್ತದೆ, ಅಷ್ಟೆ. ಎಲ್ಲ ಗೋಡೆಗಳನ್ನೂ ಕೆಡವಬೇಕಿಲ್ಲ: ಬಂಡೆಯ ಸಂದಿಯಲ್ಲಿ ಕೊಂಬಿನ ಗೂಬೆ, ಮಣ್ಣಿನ ಬರೆಯಲ್ಲಿ ಕಳ್ಳಿಪೀರ ಗೂಡು ಮಾಡುತ್ತವೆ.

ಇಲ್ಲಿನ ತೊಡಕು ಆನೆ. ಕರ್ನಾಟಕ ಆನೆ ಕಾರ್ಯಪಡೆಯ 2012ರ ವರದಿ ಆಲೂರು ಭಾಗವನ್ನು ಆನೆಗಳನ್ನು ತೆರವುಗೊಳಿಸಬೇಕಾದ ವಲಯಕ್ಕೆ ಸೇರಿಸಿತು. ಕಾಫಿ ತೋಟಗಳ ನಡುವೆ ನೀರು, ಮೇವು ಒಟ್ಟಿಗೆ ಒದಗಿಸುವ ಯೋಜನೆಯನ್ನು ಬೆಳೆಗಾರರು ಅನುಮಾನದಿಂದ ನೋಡಿದರೆ ಆಶ್ಚರ್ಯವಿಲ್ಲ.

ಗಣಿಗುತ್ತಿಗೆದಾರರು ಕೆಲಸ ಮುಗಿದ ನೆಲದಲ್ಲಿ ಮತ್ತೆ ಹುಲ್ಲು ಬೆಳೆಸಬೇಕೆಂಬ ಷರತ್ತು ವಿಧಿಸುವಂತೆ ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಸೂಚಿಸಿತು. ಸಕಲೇಶಪುರ, ಆಲೂರು ಎರಡೂ ತಾಲ್ಲೂಕುಗಳ ಗ್ರಾಮಗಳನ್ನು ಒಳಗೊಂಡ ಪಶ್ಚಿಮಘಟ್ಟ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ (2024) ಕಲ್ಲುಗಣಿಗಾರಿಕೆಯನ್ನು ನಿಷೇಧಿಸಲು ಪ್ರಸ್ತಾಪಿಸಿತು. ಅದರಂತೆ ಚಾಲ್ತಿಯಲ್ಲಿರುವ ಗಣಿಗಳು ಅಂತಿಮ ಅಧಿಸೂಚನೆಯಾದ ಐದು ವರ್ಷದೊಳಗೆ ಅಥವಾ ಗುತ್ತಿಗೆ ಮುಗಿದಾಗ, ಯಾವುದು ಮೊದಲೋ ಆಗ, ನಿಲ್ಲಬೇಕು.

ಗಣಿ ನಿಂತ ಮಾತ್ರಕ್ಕೆ ನೆಲ ಮೊದಲಿನಂತಾಗದು: ಘಟ್ಟಸಾಲಿನಲ್ಲಿ ಉತ್ತರಕ್ಕಿರುವ ಕುದುರೆಮುಖದ ಕಬ್ಬಿಣದ ಗಣಿ ಸುಪ್ರೀಂ ಕೋರ್ಟ್ ತೀರ್ಪಿನಂತೆ 2005ರ ಕೊನೆಗೆ ಮುಚ್ಚಿತು. ಗಣಿಯ ಹೂಳು ತುಂಬಿದ ಲಕ್ಯಾ ಅಣೆಕಟ್ಟು ಇಂದಿಗೂ ಅಲ್ಲೇ ಇದೆ.