ಯಕೃತ್ತಿನ ರಕ್ತ ಪರೀಕ್ಷೆ: ದಾದಿಯರು ಅರಿತಿರಬೇಕಾದ ಅಂಕಿಗಳು

ಉಡುಪಿ ಜಿಲ್ಲೆಯ ಉತ್ತರ ತುದಿಯಲ್ಲಿ, ಭಟ್ಕಳಕ್ಕೆ ಹೊಂದಿಕೊಂಡಿರುವ ಶಿರೂರಿನಂಥ ಊರುಗಳಲ್ಲಿ ಮಳೆಗಾಲವೆಂದರೆ ಗದ್ದೆ ಕೆಲಸದ ಕಾಲ. ಇಲಿ ಜ್ವರದ ಕಾಲವೂ ಹೌದು. ಜ್ವರ, ಮೈಕೈ ನೋವಿನೊಂದಿಗೆ ಕಣ್ಣು ಹಳದಿಯಾದರೆ ಮನೆಯವರು ‘ಕಾಮಾಲೆ’ ಎಂದು ನೆಲನೆಲ್ಲಿಯ ಕಷಾಯ ಕುಡಿಸುವುದುಂಟು. ಆದರೆ ಕಾಮಾಲೆಯು ರೋಗದ ಲಕ್ಷಣ ಮಾತ್ರ. ಅದರ ಮೂಲ ಹುಡುಕಲು ನೆರವಾಗುವುದು ಯಕೃತ್ತಿನ ರಕ್ತ ಪರೀಕ್ಷೆ, ಅಂದರೆ ಎಲ್‌ಎಫ್‌ಟಿ. ಇದರ ವರದಿಯನ್ನು ಮೊದಲು ನೋಡುವವರು ಅನೇಕ ವೇಳೆ ದಾದಿಯರೇ. ರೋಗನಿರ್ಣಯ ವೈದ್ಯರ ಹೊಣೆ. ತುರ್ತನ್ನು ಗುರುತಿಸಿ ತಿಳಿಸುವುದು ದಾದಿಯರ ಹೊಣೆ.

ಅಂಕಿಗಳ ಅರ್ಥ

ಬಿಲಿರುಬಿನ್: ಕೆಂಪು ರಕ್ತಕಣಗಳು ಒಡೆದಾಗ ಉಂಟಾಗುವ ಹಳದಿ ವಸ್ತು. ಸಾಮಾನ್ಯವಾಗಿ ಡೆಸಿಲೀಟರ್‌ಗೆ 1.2 ಮಿ.ಗ್ರಾಂ. ಒಳಗಿರುತ್ತದೆ, 2ರಿಂದ 3 ದಾಟಿದಾಗ ಕಣ್ಣಿನಲ್ಲಿ ಹಳದಿ ಕಾಣುತ್ತದೆ.

ಎಎಲ್‌ಟಿ, ಎಎಸ್‌ಟಿ: ಯಕೃತ್ತಿನ ಜೀವಕೋಶಗಳಿಗೆ ಪೆಟ್ಟಾದಾಗ ರಕ್ತಕ್ಕೆ ಸೋರುವ ಕಿಣ್ವಗಳು. ಹಳೆಯ ವರದಿಗಳಲ್ಲಿ ಎಸ್‌ಜಿಪಿಟಿ, ಎಸ್‌ಜಿಒಟಿ ಎಂದಿರುತ್ತದೆ. ಸಾಮಾನ್ಯ ಮಿತಿ ಲೀಟರ್‌ಗೆ ಸುಮಾರು 40 ಯೂನಿಟ್.

ಆಲ್ಕಲೈನ್ ಫಾಸ್ಫಟೇಸ್: ಪಿತ್ತನಾಳ ಕಟ್ಟಿಕೊಂಡಾಗ ಏರುತ್ತದೆ. ಗರ್ಭಿಣಿಯರಲ್ಲಿ, ಬೆಳೆಯುವ ಮಕ್ಕಳಲ್ಲಿ ಸಹಜವಾಗಿಯೇ ಹೆಚ್ಚು.

ಆಲ್ಬುಮಿನ್, ಐಎನ್‌ಆರ್: ಯಕೃತ್ತಿನ ಕಾರ್ಯಶಕ್ತಿಯನ್ನು ತೋರುವ ಅಳತೆಗಳು. ಆಲ್ಬುಮಿನ್ ಇಳಿಯಲು ವಾರಗಳು ಬೇಕು. ಐಎನ್‌ಆರ್ ಒಂದೆರಡು ದಿನಗಳಲ್ಲೇ ಏರಬಲ್ಲದು.

ಇಲಿ ಜ್ವರವೋ, ಹೆಪಟೈಟಿಸ್ಸೋ?

ತೀವ್ರ ವೈರಾಣು ಹೆಪಟೈಟಿಸ್‌ನಲ್ಲಿ ಎಎಲ್‌ಟಿ ಸಾವಿರ ದಾಟುವುದುಂಟು. ಉಲ್ಬಣಗೊಂಡ ಇಲಿ ಜ್ವರದಲ್ಲಾದರೋ ಬಿಲಿರುಬಿನ್ 20 ದಾಟಿದರೂ ಎಎಲ್‌ಟಿ ಸಾಮಾನ್ಯವಾಗಿ 200ರ ಆಸುಪಾಸಿನಲ್ಲೇ ಉಳಿಯುತ್ತದೆ. ಜತೆಗೆ ಕ್ರಿಯಾಟಿನಿನ್ ಏರಿ, ಪ್ಲೇಟ್‌ಲೆಟ್ ಇಳಿಯುತ್ತದೆ. ‘ಎಎಲ್‌ಟಿ ಅಷ್ಟೇನೂ ಹೆಚ್ಚಿಲ್ಲ’ ಎಂಬ ಸಮಾಧಾನ ಇಲ್ಲಿ ಅಪಾಯಕಾರಿ. ಈ ರೋಗದಲ್ಲಿ ಜೀವಕ್ಕೆ ಸಂಚಕಾರ ತರುವುದು ಹೆಚ್ಚಾಗಿ ಮೂತ್ರಪಿಂಡ ಹಾಗೂ ಶ್ವಾಸಕೋಶದ ತೊಂದರೆ. ಆದ್ದರಿಂದ ಗದ್ದೆ, ತೋಡು, ಕೆಸರು ನೀರಿಗೆ ಇಳಿದಿದ್ದರೇ ಎಂದು ಕೇಳಿ ದಾಖಲಿಸಬೇಕು. ಮೂತ್ರದ ಪ್ರಮಾಣವನ್ನು ತಪ್ಪದೆ ಅಳೆಯಬೇಕು.

ಎಚ್ಚರ ವಹಿಸಬೇಕಾದುದು

* ರಕ್ತಕಣ ಒಡೆದ ಮಾದರಿಯಲ್ಲಿ ಎಎಸ್‌ಟಿ ಇಲ್ಲದ ಏರಿಕೆ ತೋರುತ್ತದೆ. ಬೆಳಕಿಗೆ ಬಿದ್ದ ಮಾದರಿಯಲ್ಲಿ ಬಿಲಿರುಬಿನ್ ಕಡಿಮೆ ಕಾಣುತ್ತದೆ. ದೂರದ ಪ್ರಯೋಗಾಲಯಕ್ಕೆ ಕಳುಹಿಸುವಾಗ ಮಾದರಿಯನ್ನು ಮುಚ್ಚಿಡಬೇಕು.

* ಎಎಲ್‌ಟಿ ಇಳಿಯುತ್ತಿದ್ದು ಐಎನ್‌ಆರ್ ಏರುತ್ತಿದ್ದರೆ ಅದನ್ನು ಚೇತರಿಕೆಯೆಂದು ಭಾವಿಸಬಾರದು. ಸೋರಲು ಜೀವಕೋಶಗಳೇ ಉಳಿದಿಲ್ಲವೆಂಬ ಸೂಚನೆಯಿರಬಹುದು.

* ಐಎನ್‌ಆರ್ 1.5 ಮುಟ್ಟಿ ರೋಗಿಯು ಮಂಕಾದರೆ, ತಡವರಿಸಿದರೆ, ಆ ಕ್ಷಣವೇ ವೈದ್ಯರಿಗೆ ತಿಳಿಸಬೇಕು.

* ನುಂಗಿದ ಪ್ಯಾರಾಸಿಟಮಾಲ್, ಕುಡಿದ ಮದ್ಯ, ಸೇವಿಸಿದ ನಾಟಿ ಔಷಧ ಇವುಗಳನ್ನು ಗದರದೆ ಕೇಳಿ ಬರೆದುಕೊಳ್ಳಬೇಕು. ಬೈಗುಳಕ್ಕೆ ಅಂಜಿದ ರೋಗಿ ನಿಜ ಹೇಳುವುದಿಲ್ಲ.

ಒಂದೇ ವರದಿಯಿಂದ ತೀರ್ಮಾನ ಸಲ್ಲದು. ನಿನ್ನೆಯ ವರದಿಯನ್ನು ಇಂದಿನದರ ಪಕ್ಕದಲ್ಲಿಟ್ಟು ನೋಡಿದಾಗಲೇ ರೋಗದ ದಿಕ್ಕು ತಿಳಿಯುತ್ತದೆ.